ವಾಸಿ ಮಾಡಿದ್ದು ಯಾವುದು?

— ಮೇಡಂ, ಬೇಜಾರು ಮಾಡ್ಕೋಬೇಡಿ, ಒಂದು ಮಾತು ಕೇಳ್ತೀನಿ. ಸರ್ವೀಸ್ ರೋಡಲ್ಲಿ ಅಣ್ಣನ್ನ ಕಳ್ಕೊಂಡ ಆ ಹುಡುಗನ್ನ ನಿಮ್ಮ ಹತ್ರ ಕರ್ಕೊಂಡು ಬಂದೋಳು ನಾನೇ. ಮನೇಲಿ ಆ ವಿಷಯ ಬಾಯಿಗೆ ತರಬಾರದು ಅಂತ ಅಣ್ಣನ ಫೋಟೋನೂ ಬೀರು ಒಳಗೆ ಇಟ್ಟವ್ರೆ. ನೀವು ನೋಡಿದ್ರೆ ಅವನನ್ನ ಕೂರಿಸ್ಕೊಂಡು ಅದನ್ನೇ ಮೊದಲಿಂದ ಕೊನೇ ತನಕ ಹೇಳು ಅಂತೀರಂತೆ. ಮರೆಯಲಿ ಅಂತ ಬಿಡೋದು ಒಳ್ಳೇದಲ್ವಾ?

— ಬೇಜಾರೇನಿಲ್ಲ ಅಕ್ಕ. ಅವನು ನನ್ನ ಹತ್ರ ಏನು ಹೇಳಿದ ಅನ್ನೋದನ್ನ ನಿಮಗೂ ಹೇಳೋ ಹಾಗಿಲ್ಲ, ಅದು ಅವನ ಮಾತು. ನೀವು ಕಣ್ಣಾರೆ ಕಂಡಿದ್ದನ್ನೇ ಹೇಳಿ. ಒಂದು ವರ್ಷ ಯಾರೂ ಆ ಮಾತು ಎತ್ತಲಿಲ್ಲ. ಮರೆತನಾ?

— ಎಲ್ಲಿ ಮರೀತಾನೆ. ರಾತ್ರಿ ಎರಡಕ್ಕೆ ಎದ್ದು ಕೂತ್ಕತಾನಂತೆ. ಲಾರಿ ಹಾರನ್ ಕೇಳಿದ್ರೆ ಕೈಯಲ್ಲಿದ್ದ ಲೋಟ ನೆಲಕ್ಕೆ ಬೀಳ್ತದೆ. ಗೂಡು ತಗೊಂಡು ರಾಮನಗರದ ಮಾರ್ಕೆಟ್‌ಗೆ ಹೋಗೋದು ಮೊದಲೆಲ್ಲ ಅವನದೇ ಕೆಲಸ. ಈಗ ವಯಸ್ಸಾದ ಅಪ್ಪನ್ನ ಕಳಿಸ್ತಾನೆ.

— ಅಂದ್ರೆ ಮರೆಸೋ ಪ್ರಯತ್ನ ನಡೆದಷ್ಟೂ ದಿನ ನೆನಪು ಅಲ್ಲೇ ಇತ್ತು, ಬದುಕು ಮಾತ್ರ ಚಿಕ್ಕದಾಗ್ತಾ ಬಂತು. ಆಘಾತದ ನೆನಪಿನ ಗುಣವೇ ಅದು. ನಮ್ಮ ಉಳಿದ ನೆನಪುಗಳೆಲ್ಲ 'ಆಗಿಹೋಯ್ತು' ಅನ್ನೋ ಗುರುತು ಹೊತ್ತುಕೊಂಡೇ ಬರ್ತವೆ. ನಿಮ್ಮ ಮದುವೆ ನೆನೆಸ್ಕೊಂಡ್ರೆ ಅದು ಎಂದೋ ಆಗಿದ್ದು ಅಂತ ಮೈಗೂ ಗೊತ್ತಿರುತ್ತೆ. ಈ ನೆನಪಿಗೆ ಆ ಗುರುತೇ ಇರಲ್ಲ. ಹಾರನ್ ಕೇಳಿದ ಕೂಡಲೇ ಅದು ಈಗ, ಇಲ್ಲೇ ಆಗ್ತಿದೆ ಅನ್ನಿಸುತ್ತೆ. 2000ದಲ್ಲಿ ಅಂಕೆ ಎಹ್ಲರ್ಸ್, ಡೇವಿಡ್ ಕ್ಲಾರ್ಕ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ಬರೆದ ಪ್ರಬಂಧದ ತಿರುಳು ಇಷ್ಟು: ಅಪಾಯ ಮುಗಿದುಹೋಗಿದೆ, ಆದ್ರೆ ಆ ಮನುಷ್ಯನ ಪಾಲಿಗೆ ಅದು ಇವತ್ತೂ ನಡೀತಾನೇ ಇದೆ. ಅದಕ್ಕೆ ಎರಡು ಕಾರಣ. ಒಂದು, ನೆನಪು ಚೂರುಚೂರಾಗಿ ಕೂತಿರೋದು. ಇನ್ನೊಂದು, ಆ ಘಟನೆಯಿಂದ ಅವನು ತನ್ನ ಬಗ್ಗೆ, ಲೋಕದ ಬಗ್ಗೆ ತೆಗೆದುಕೊಂಡ ತೀರ್ಮಾನ.

— ತೀರ್ಮಾನ ಅಂದ್ರಲ್ಲ, ಅದನ್ನ ನನಗೂ ಹೇಳ್ಕೊಂಡಿದ್ದ. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನೋಣ ಅಂತ ಗಾಡಿ ನಿಲ್ಲಿಸಿದ್ದು ಇವನಂತೆ. 'ಅಲ್ಲಿ ಹತ್ತು ನಿಮಿಷ ನಿಲ್ಲದಿದ್ರೆ ಆ ಲಾರಿ ನಮಗೆ ಎದುರಾಗ್ತಾನೇ ಇರಲಿಲ್ಲ, ನನ್ನ ಬಾಯಿಚಪಲಕ್ಕೆ ಅಣ್ಣ ಹೋದ' ಅಂತಾನೆ. ನಿನ್ನ ತಪ್ಪಲ್ಲ ಕಣಪ್ಪ ಅಂತ ಊರೆಲ್ಲ ಹೇಳಾಯ್ತು. ಕಿವಿಗೇ ಹಾಕ್ಕೊಳಲ್ಲ.

— ಊರೆಲ್ಲ ಹೇಳಿದ್ರೂ ಒಳಗೆ ಇಳಿಯಲ್ಲ, ಯಾಕಂದ್ರೆ ಆ ಮಾತು ಹೊರಗಿಂದ ಬಂದದ್ದು. ಚಿಕಿತ್ಸೆಯಲ್ಲಿ ಸಮಾಧಾನ ಹೇಳಲ್ಲ, ಪ್ರಶ್ನೆ ಕೇಳ್ತೀವಿ. ಅವನ ಹೆಸರು ಬಿಡಿ, ಇಂಥ ಯಾರಿಗಾದ್ರೂ ಕೇಳೋದು ಹೀಗೆ: ಇಡ್ಲಿ ತಿನ್ನೋವಾಗ ನಿನಗೆ ಏನು ಗೊತ್ತಿತ್ತು? ಆಮೇಲೆ ಗೊತ್ತಾಗಿದ್ದು ಏನು? ಅಣ್ಣ ನಿಲ್ಲಿಸೋಕೆ ಒಪ್ಪಿದನಾ, ಬೇಡ ಅಂದನಾ? ಲಾರಿ ಯಾವ ಕಡೆಯಿಂದ ಬಂತು? ಲೈಟ್ ಇತ್ತಾ? ಅದೇ ಹತ್ತು ನಿಮಿಷ ಬೇರೆ ಯಾರನ್ನೋ ಉಳಿಸಿರಬಹುದಾ? ಹೀಗೆ ಕೇಳ್ತಾ ಕೇಳ್ತಾ ಒಂದು ದಿನ ಅವನೇ, 'ರಾಂಗ್ ಸೈಡಲ್ಲಿ ಬಂದೋನು ಅವನು ಮೇಡಂ' ಅಂತಾನೆ. ಪೊಲೀಸ್ ಕಾಗದದಲ್ಲಿ ಮೊದಲ ದಿನದಿಂದ ಬರೆದಿರೋ ಮಾತೇ ಅದು. ಆದ್ರೆ ಆ ರಾತ್ರಿಯ ನೆನಪಿನೊಳಗೆ ಅದು ಸೇರಿರಲ್ಲ. ಅದನ್ನ ಅಲ್ಲಿಗೆ ಸೇರಿಸಬೇಕು ಅಂದ್ರೆ ಅವನು ಆ ರಾತ್ರಿಗೆ ಒಂದು ಸಲ ವಾಪಸ್ ಹೋಗಲೇಬೇಕು.

— ಹಂಗಂದ್ರೆ ನಮ್ಮ ಹೆಂಗಸರು ಸಾವಿನ ಮನೇಲಿ ಆಡಾಡಿಕೊಂಡು ಅಳ್ತಾರಲ್ಲ, ಅದೂ ಇದೇ ಅಲ್ವಾ? ಹೋದೋರು ಹುಟ್ಟಿದಾಗಿಂದ ಎಲ್ಲಾನೂ ಹೇಳ್ಕೊಂಡು ಅಳ್ತಾರೆ. ಹನ್ನೊಂದು ದಿನ ಮನೆ ತುಂಬ ಜನ ಇರ್ತಾರೆ.

— ಅದು ಬಹಳ ದೊಡ್ಡ ಆಸರೆ ಅಕ್ಕ. ಆಘಾತ ಆದ ಬಹುಪಾಲು ಜನ ಯಾವ ಚಿಕಿತ್ಸೆಯೂ ಇಲ್ಲದೆ ಚೇತರಿಸಿಕೊಳ್ಳೋದು ಇಂಥ ಆಸರೆಯಿಂದಲೇ ಅಂತ ನಾನು ನಂಬ್ತೀನಿ. ಆದ್ರೆ ನಾನು ಗಮನಿಸಿದ್ದು ಒಂದಿದೆ. ಆಡಿಕೊಂಡು ಅಳೋವಾಗ ಹೋದವರ ಗುಣ ಬರುತ್ತೆ, ಅವರು ಬಿಟ್ಟುಹೋದ ಮಕ್ಕಳು ಬರ್ತಾರೆ, ದೇವರ ಮೇಲಿನ ಸಿಟ್ಟು ಬರುತ್ತೆ. ಕಣ್ಣೆದುರು ಆದ ಆ ಒಂದು ನಿಮಿಷ ಬರಲ್ಲ. ಅದರ ಹತ್ತಿರ ಹೋಗಿ ಪಕ್ಕಕ್ಕೆ ತಿರುಗಿಬಿಡ್ತಾರೆ. ನೋಡಿದವರಿಗೆ ಅದನ್ನ ಕೇಳಿಸಿಕೊಳ್ಳೋಕೂ ಧೈರ್ಯ ಇರಲ್ಲ. ಚಿಕಿತ್ಸೆ ಬೇಕಾಗೋದು ಆ ನಿಮಿಷಕ್ಕೆ.

— ಸರಿ. ಇದು ಫಲ ಕೊಡ್ತದೆ ಅನ್ನೋದಕ್ಕೆ ಲೆಕ್ಕ ಅದೆಯಾ? ನಮ್ಮ ಕಬ್ಬಾಳಮ್ಮನ ಗುಡೀಲೂ ಬೆದರಿದ ಮಕ್ಕಳಿಗೆ ದಾರ ಕಟ್ಟುಸ್ಕೊಂಡು ಬರ್ತಾರೆ. ಅವರಿಗೂ ವಾಸಿ ಆಗ್ತದೆ.

— ಆಗುತ್ತೆ, ನಾನು ಇಲ್ಲ ಅನ್ನಲ್ಲ. ಅದಕ್ಕೇ ಲೆಕ್ಕ ಬೇಕಾಗೋದು. ತಾನಾಗೇ ವಾಸಿ ಆಗಿದ್ದು ಎಷ್ಟು, ಚಿಕಿತ್ಸೆಯಿಂದ ಆಗಿದ್ದು ಎಷ್ಟು ಅಂತ ಬೇರೆ ಮಾಡಬೇಕು. ಅದಕ್ಕೆ ಚೀಟಿ ಎತ್ತಿ ಜನರನ್ನ ಎರಡು ಗುಂಪು ಮಾಡ್ತಾರೆ. ಒಂದಕ್ಕೆ ಚಿಕಿತ್ಸೆ, ಇನ್ನೊಂದಕ್ಕೆ ಬೇರೆ ಥರದ ಆರೈಕೆ, ಇಲ್ಲವೇ ಸ್ವಲ್ಪ ಕಾಲ ಕಾಯೋದು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಈ ಕಷ್ಟಕ್ಕೆ ಪಿಟಿಎಸ್‌ಡಿ ಅಂತ ಹೆಸರು ಕೊಟ್ಟು ಕಾಯಿಲೆಗಳ ಪಟ್ಟಿಗೆ ಸೇರಿಸ್ತು. ಅಲ್ಲಿಂದ ಈಚೆಗೆ ಹೀಗೆ ಪರೀಕ್ಷೆಯಲ್ಲಿ ಗೆದ್ದ ಚಿಕಿತ್ಸೆಗಳು ಹಲವು ಇವೆ. ಎಡ್ನಾ ಫೋವಾ ರೂಪಿಸಿದ್ದರಲ್ಲಿ ಘಟನೆಯನ್ನ ಕಣ್ಣು ಮುಚ್ಚಿಕೊಂಡು ಈಗ ನಡೀತಿರೋ ಹಾಗೆ ಮತ್ತೆ ಮತ್ತೆ ಹೇಳಬೇಕು, ಅದರ ರೆಕಾರ್ಡಿಂಗ್ ಮನೇಲಿ ಕೇಳಬೇಕು, ದೂರ ಇಟ್ಟ ಜಾಗಗಳಿಗೆ ಮೆಲ್ಲಗೆ ಹೋಗಬೇಕು. ಪೆಟ್ರೀಷಿಯಾ ರೆಸಿಕ್ ಅವರದ್ದರಲ್ಲಿ ಒತ್ತು ಇರೋದು ಆ ತೀರ್ಮಾನಗಳ ಮೇಲೆ. 'ನನ್ನದೇ ತಪ್ಪು', 'ಯಾರನ್ನೂ ನಂಬೋ ಹಾಗಿಲ್ಲ', 'ನಾನು ಹಾಳಾದವಳು' ಅನ್ನೋವನ್ನ ಕಾಗದದ ಮೇಲೆ ಬರೆದು ಒಂದೊಂದನ್ನೇ ವಿಚಾರಣೆಗೆ ತರೋದು. ಫ್ರಾನ್ಸಿನ್ ಶಪಿರೊ ಅವರದ್ದು ಇ.ಎಂ.ಡಿ.ಆರ್., ನೆನಪನ್ನ ಮನಸ್ಸಿನಲ್ಲಿ ಹಿಡಿದುಕೊಂಡು, ಆಚೀಚೆ ಆಡೋ ಬೆರಳಿನ ಜೊತೆ ಕಣ್ಣು ಓಡಿಸೋದು. ಮೂರೂ ಫಲ ಕೊಡ್ತವೆ. ಪೂರ್ತಿ ಮುಗಿಸಿದವರಲ್ಲಿ ಸುಮಾರು ಅರ್ಧ ಜನಕ್ಕೆ ಕಾಯಿಲೆಯ ಹೆಸರೇ ಹೋಗಿಬಿಡುತ್ತೆ.

— ಒಂದರಲ್ಲಿ ಹೇಳಿಸೋದು, ಒಂದರಲ್ಲಿ ಬರೆಸೋದು, ಒಂದರಲ್ಲಿ ಬೆರಳು ಆಡಿಸೋದು. ಮೂರೂ ಬೇರೆಬೇರೆ. ಮೂರಕ್ಕೂ ವಾಸಿ ಆಗೋದು ಹೆಂಗೆ?

— ನೀವು ಈಗ ಕೇಳಿದ್ದೇ ನನ್ನ ಕೆಲಸ ಅಕ್ಕ. ಹತ್ತು ಬೇರು ಹಾಕಿ ಕುದಿಸಿದ ಕಷಾಯದಲ್ಲಿ ಜ್ವರ ಇಳಿಸಿದ್ದು ಯಾವ ಬೇರು ಅಂತ ತಿಳಿಯೋಕೆ ಒಂದೊಂದೇ ಬೇರು ತೆಗೆದು ಕುದಿಸಿ ನೋಡಬೇಕು. ರೆಸಿಕ್ ತಮ್ಮದೇ ಚಿಕಿತ್ಸೆಯನ್ನ ಹಾಗೆ ಬಿಡಿಸಿದ್ರು. 2008ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 150 ಹೆಣ್ಣುಮಕ್ಕಳು, ಅತ್ಯಾಚಾರ, ಹೊಡೆತ ಅನುಭವಿಸಿದವರು. ಒಂದು ಗುಂಪಿಗೆ ಪೂರ್ತಿ ಚಿಕಿತ್ಸೆ. ಇನ್ನೊಂದಕ್ಕೆ ಘಟನೆಯ ವಿವರ ಬರೆಸದೆ ಬರೀ ತೀರ್ಮಾನಗಳ ವಿಚಾರಣೆ. ಮೂರನೇದಕ್ಕೆ ಬರೀ ವಿವರ ಬರೆಸೋದು. ಮೂರು ಗುಂಪಿನವರೂ ಚೇತರಿಸಿಕೊಂಡ್ರು. ವಿವರ ಬರೆಯದೇ ಇದ್ದ ಗುಂಪು ಯಾವುದಕ್ಕೂ ಹಿಂದೆ ಬೀಳಲಿಲ್ಲ.

— ಹಂಗಾದ್ರೆ ಹೇಳಿಸೋದೇ ಬೇಕಾಗಿಲ್ಲ!

— ಎಲ್ಲರಿಗೂ, ಎಲ್ಲ ವಿವರವೂ ಬೇಕಾಗಿಲ್ಲ. ಅದು ಗೊತ್ತಾಗಿದ್ದೇ ದೊಡ್ಡ ಉಪಕಾರ. ಆ ವಿವರ ಹೇಳೋಕೆ ಹೆದರಿ ಅರ್ಧಕ್ಕೆ ಬಿಟ್ಟು ಹೋಗೋರು ಎಷ್ಟೋ ಜನ. ಅವರಿಗೆ ಇನ್ನೊಂದು ಬಾಗಿಲು ಇದೆ ಅಂತ ಧೈರ್ಯವಾಗಿ ಹೇಳಬಹುದು. ಆದ್ರೆ ನನಗೆ ಅದಕ್ಕಿಂತ ಮುಖ್ಯ ಅನ್ನಿಸೋದು, ಯಾವುದು ಮೊದಲು ಬದಲಾಗುತ್ತೆ ಅನ್ನೋದು. ಮೊದಲು ಹೆದರಿಕೆ ಇಳಿದು ಆಮೇಲೆ 'ನನ್ನ ತಪ್ಪಲ್ಲ' ಅನ್ನಿಸುತ್ತಾ? ಅಥವಾ ಮೊದಲು ತೀರ್ಮಾನ ಸಡಿಲವಾಗಿ ಆಮೇಲೆ ನಿದ್ದೆ ಬರುತ್ತಾ? ಶುರುವಲ್ಲಿ ಒಂದು ಸಲ, ಕೊನೇಲಿ ಒಂದು ಸಲ ಅಳೆದ್ರೆ ಇದು ತಿಳಿಯಲ್ಲ, ಎರಡೂ ಬದಲಾಗಿರ್ತವೆ. ವಾರವಾರ ಅಳೀಬೇಕು. 2013ರಲ್ಲಿ ಲಂಡನ್ನಿನವರು 250ಕ್ಕೂ ಹೆಚ್ಚು ಜನರನ್ನ ಹಾಗೆ ವಾರವಾರ ಅಳೆದ ಅಧ್ಯಯನ ಬಂತು. ಈ ವಾರ ತೀರ್ಮಾನ ಸಡಿಲವಾದವರಿಗೆ ಮುಂದಿನ ವಾರ ಲಕ್ಷಣ ಕಡಿಮೆಯಾಗಿತ್ತು. ತಿರುಗಿಸಿ ನೋಡಿದ್ರೆ ಆ ಸಂಬಂಧ ಕಾಣಲಿಲ್ಲ. ಫೋವಾ ಅವರ ಚಿಕಿತ್ಸೆಯಲ್ಲೂ, ಅಂದ್ರೆ ಬರೀ ಹೇಳಿಸೋದರಲ್ಲೂ, ತೀರ್ಮಾನವೇ ಮೊದಲು ಬದಲಾಗ್ತಿತ್ತು ಅಂತ ಆಮೇಲೆ ಬಂದ ಅಧ್ಯಯನಗಳು ತೋರಿಸಿದ್ವು. ಹೇಳ್ತಾ ಹೇಳ್ತಾ ಮನುಷ್ಯ ತಾನೇ ಕಂಡುಕೊಳ್ತಾನೆ: ಇದನ್ನ ನೆನೆಸಿಕೊಂಡ್ರೆ ನಾನು ಸಾಯಲ್ಲ, ನನಗೆ ಹುಚ್ಚು ಹಿಡಿಯಲ್ಲ.

— ಅಂದ್ರೆ ಬೇರು ಸಿಕ್ಕಿತು ಅನ್ನಿ.

— ಒಂದು ಬೇರು. ಅದೊಂದೇ ಅನ್ನೋಕಾಗಲ್ಲ. 2015ರಲ್ಲಿ ಜಾನ್ ಮಾರ್ಕೊವಿಟ್ಜ್ ಅನ್ನೋ ವೈದ್ಯರ ತಂಡದವರು ನ್ಯೂಯಾರ್ಕಿನಲ್ಲಿ ಮಾಡಿದ ಪರೀಕ್ಷೆ ಪ್ರಕಟವಾಯ್ತು. ಅದರಲ್ಲಿ ಒಂದು ಗುಂಪಿನವರ ಹತ್ರ ಘಟನೆಯ ಮಾತೇ ಎತ್ತಲಿಲ್ಲ. ಗಂಡ, ಹೆಂಡತಿ, ಮಕ್ಕಳು, ಸ್ನೇಹಿತರು, ಇವರ ಜೊತೆ ಈಗ ಹೇಗಿದ್ದೀರಿ, ಯಾರನ್ನ ನಂಬ್ತೀರಿ, ಸಿಟ್ಟು ಬಂದಾಗ ಹೇಳ್ತೀರಾ ನುಂಗಿಕೊಳ್ತೀರಾ, ಬರೀ ಇದೇ ಮಾತು. ಹದಿನಾಲ್ಕು ವಾರ ಆದಮೇಲೆ ನೋಡಿದ್ರೆ, ಘಟನೆಯನ್ನ ಹೇಳಿಸಿದ ಗುಂಪಿಗೂ ಇವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಖಿನ್ನತೆಯೂ ಇದ್ದವರು ಹೇಳಿಸೋ ಚಿಕಿತ್ಸೆಯನ್ನೇ ಹೆಚ್ಚಾಗಿ ಅರ್ಧಕ್ಕೆ ಬಿಟ್ಟಿದ್ರು. ಹಾಗಾದ್ರೆ ಜನರ ಜೊತೆ ಮತ್ತೆ ಕೂಡಿಕೊಳ್ಳೋದರಲ್ಲೂ ಔಷಧ ಇದೆ. ಇ.ಎಂ.ಡಿ.ಆರ್. ವಿಷಯದಲ್ಲಂತೂ ಕಣ್ಣು ಓಡಿಸೋದು ಬೇಕಾ ಬೇಡವಾ ಅಂತ ಇಪ್ಪತ್ತು ವರ್ಷಕ್ಕೂ ಮೀರಿ ಜಗಳ. 2001ರಲ್ಲಿ ಎಲ್ಲ ಅಧ್ಯಯನ ಕೂಡಿಸಿ ನೋಡಿದವರು ಅದರಿಂದ ಹೆಚ್ಚಿನ ಲಾಭ ಕಾಣ್ಲಿಲ್ಲ ಅಂದ್ರು, 2013ರಲ್ಲಿ ಇನ್ನೊಬ್ಬರು ಲಾಭ ಇದೆ ಅಂದ್ರು.

— ಮೇಡಂ, ಒಂದು ಕೇಳ್ತೀನಿ. ನಾವು ಹಳ್ಳಿಯೋರು. ಮಾತ್ರೆ ತಗೊಂಡ್ರೆ ಜ್ವರ ಬಿಟ್ರೆ ಸಾಕು, ಯಾಕೆ ಬಿಟ್ತು ಅಂತ ಕೇಳಲ್ಲ. ವಾಸಿ ಆದಮೇಲೆ ಯಾಕೆ ವಾಸಿ ಆಯ್ತು ಅಂತ ತಿಳಿದು ಏನಾಗ್ಬೇಕು?

— 2022ರ ಆಗಸ್ಟ್ ಕೊನೇಲಿ ರಾಮನಗರದಲ್ಲಿ ಮಳೆ ಬಂದು ನೀರು ನುಗ್ತಲ್ಲ, ಅದು ನೆನಪಿದೆಯಾ?

— ನೆನಪಿಲ್ಲದೆ ಏನು. ರೇಷ್ಮೆ ಬಿಚ್ಚೋರ ಮನೆಗೆಲ್ಲ ನೀರು. ಗೂಡು, ಯಂತ್ರ, ಮಕ್ಕಳ ಪುಸ್ತಕ, ರೇಷನ್ ಎಲ್ಲ ಕೆಸರು.

— ಅಂಥ ಕಡೆ ಮರುದಿನವೇ ಹೋಗಿ, ಎಲ್ಲರನ್ನೂ ಸುತ್ತ ಕೂರಿಸಿ, 'ನಿನಗೆ ಏನಾಯ್ತು, ಏನನ್ನಿಸಿತು, ಎಲ್ಲಾ ಹೇಳು' ಅಂತ ಹೇಳಿಸೋ ಪದ್ಧತಿ ಒಂದಿತ್ತು. ಡಿಬ್ರೀಫಿಂಗ್ ಅಂತ. 1983ರಲ್ಲಿ ಅಮೆರಿಕದಲ್ಲಿ ಅಗ್ನಿಶಾಮಕ ದಳ, ಆಂಬುಲೆನ್ಸಿನಂಥ ಕೆಲಸದವರಿಗೆ ಅಂತ ಶುರುವಾದದ್ದು, ಆಮೇಲೆ ಲೋಕದ ತುಂಬ ಹರಡ್ತು. ಒಳ್ಳೇ ಮನಸ್ಸಿನಿಂದಲೇ ಮಾಡಿದ್ರು. ಹೇಳಿಸಿದ್ರೆ ಒಳ್ಳೇದು ಅಂತ ಗೊತ್ತಿತ್ತು, ಯಾಕೆ ಒಳ್ಳೇದು ಅಂತ ಗೊತ್ತಿರಲಿಲ್ಲ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ರಸ್ತೆ ಅಪಘಾತ ಆಗಿ ಆಸ್ಪತ್ರೆ ಸೇರಿದವರಿಗೆ ಚೀಟಿ ಎತ್ತಿ, ಕೆಲವರಿಗೆ ಒಂದು ಗಂಟೆ ಹೀಗೆ ಮಾತಾಡಿಸಿ, ಉಳಿದವರನ್ನ ಹಾಗೇ ಬಿಟ್ರು. ಮೂರು ವರ್ಷ ಆದಮೇಲೆ ಹೋಗಿ ನೋಡಿದ್ರೆ, ಶುರುವಲ್ಲಿ ತುಂಬಾ ಹೆದರಿದ್ದವರ ಪೈಕಿ ಮಾತಾಡಿಸಿದವರು ಇನ್ನೂ ನರಳ್ತಿದ್ರು. ಸುಮ್ಮನೆ ಬಿಟ್ಟವರು ಎಷ್ಟೋ ಚೇತರಿಸಿಕೊಂಡಿದ್ರು. ಆ ಫಲಿತಾಂಶ ಬಂದಿದ್ದು 2000ದಲ್ಲಿ. ಹೇಳಿಸೋದೇ ಔಷಧ ಆಗಿದ್ರೆ ಹೀಗಾಗ್ತಿರಲಿಲ್ಲ. ಹೆದರಿಕೆ ಉತ್ತುಂಗದಲ್ಲಿರೋವಾಗ ಒಂದೇ ಸಲ ಎಬ್ಬಿಸಿ, ಅದು ಇಳಿಯೋ ಮುಂಚೆ, ತೀರ್ಮಾನವನ್ನ ವಿಚಾರ ಮಾಡೋ ಮುಂಚೆ, ಎದ್ದು ಹೊರಟುಬಿಟ್ರೆ ಉಳಿಯೋದು ಹೆದರಿಕೆ ಮಾತ್ರ ಅಂತ ನನ್ನ ತಿಳಿವಳಿಕೆ. ಅಕ್ಕ, ಯಾಕೆ ಅಂತ ತಿಳಿಯದೆ ಒಳ್ಳೇದನ್ನ ಕೊಂಡೊಯ್ದವರು ಅದರ ಸಿಪ್ಪೆಯನ್ನೇ ಹಂಚಿಬಿಟ್ಟಿರಬಹುದು. ಇದು ನನ್ನನ್ನ ತುಂಬಾ ಕಾಡುತ್ತೆ.

— ಅಯ್ಯೋ. ನಾವು ಸಾವಾದ ಮನೆಗೆ ಹೋದಾಗ ಹೆಂಗಾಯ್ತು ಹೇಳಿ ಅಂತ ಎಲ್ಲರೂ ಕೇಳ್ತೀವಲ್ಲ.

— ಅವರೇ ಹೇಳಿದ್ರೆ ಕೂತು ಕೇಳಿ. ಅವರು ಬಾಯಿ ಬಿಡದಿದ್ರೆ ಕೆದಕಬೇಡಿ. ಊಟ, ಹೊದಿಕೆ, ಜೊತೆಗೆ ಯಾರಿದ್ದಾರೆ, ಪರಿಹಾರದ ಅರ್ಜಿ ಎಲ್ಲಿ ಕೊಡಬೇಕು, ಮೊದಲ ವಾರಕ್ಕೆ ಇಷ್ಟು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಕೈಪಿಡಿಯೂ ಇದನ್ನೇ ಹೇಳುತ್ತೆ. ಒಂದು ತಿಂಗಳು ಕಳೆದಮೇಲೂ ನಿದ್ದೆ ಇಲ್ಲ, ಬೆಚ್ಚೋದು ನಿಂತಿಲ್ಲ, ಕೆಲಸಕ್ಕೆ ಹೋಗ್ತಿಲ್ಲ ಅಂದ್ರೆ ಆಗ ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ಕಿಗೆ ಕಳಿಸಿ. ಅಲ್ಲಿಗೆ ಬರೋಕೆ ಆಗದವರಿಗೆ ಟೆಲಿ ಮಾನಸ್ ಇದೆ, 14416.

— ಇವೆಲ್ಲ ಹೊರದೇಶದ ಲೆಕ್ಕ. ನಮ್ಮ ಕಡೆಯೋರು ಏನು ಮಾಡವ್ರೆ?

— ನಮ್ಮಲ್ಲಿ ಇದು ಶುರುವಾಗಿದ್ದು ಒಂದು ದೊಡ್ಡ ದುಃಖದಿಂದ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿತ್ತು. 92 ಜನ ಸತ್ರು, ಹೆಚ್ಚಿನವರು ಮಕ್ಕಳು. ನಿಮ್ಹಾನ್ಸ್‌ನವರು ಆ ಮನೆಗಳವರನ್ನ ಕಂಡು ಮಾತಾಡಿಸಿ, ದುಃಖ ಹೇಗೆ ನಡೆಯುತ್ತೆ ಅಂತ ದಾಖಲಿಸಿದ್ರು. ವಿಪತ್ತು ಆದಮೇಲೆ ಮನಸ್ಸಿಗೆ ಏನಾಗುತ್ತೆ ಅಂತ ನಮ್ಮ ದೇಶದಲ್ಲಿ ಕುಳಿತು ಬರೆದ ಮೊದಮೊದಲ ಅಧ್ಯಯನಗಳಲ್ಲಿ ಅದೂ ಒಂದು. ಆಮೇಲೆ 1984ರ ಭೋಪಾಲ್, 1999ರ ಒಡಿಶಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿ. ಪ್ರತಿ ಸಲವೂ ಒಂದೇ ಕಷ್ಟ: ನೊಂದವರು ಸಾವಿರಗಟ್ಟಲೆ, ಮನೋವೈದ್ಯರು ಬೆರಳೆಣಿಕೆ. ಹಾಗಾಗಿ ಅಂಗನವಾಡಿಯವರು, ಶಿಕ್ಷಕರು, ಊರಿನ ಹುಡುಗ ಹುಡುಗಿಯರು ಇವರಿಗೇ ತರಬೇತಿ ಕೊಟ್ಟು ಮನೆಮನೆಗೆ ಕಳಿಸೋ ದಾರಿ ಹಿಡಿದ್ರು. ನಮ್ಮ ಜಿಲ್ಲೆಯ ಆಶಾ ಕಾರ್ಯಕರ್ತೆಯರಿಗೂ ನಿಮ್ಹಾನ್ಸ್ ಮೊಬೈಲಿನಲ್ಲೇ ತರಬೇತಿ ಕೊಟ್ಟಿದೆಯಲ್ಲ.

— ಕೊಟ್ಟವ್ರೆ. ಆದ್ರೆ ಅದು ಕಾಯಿಲೆ ಗುರುತು ಹಿಡಿದು ಆಸ್ಪತ್ರೆಗೆ ಕಳಿಸೋಕೆ. ಥೆರಪಿ ಮಾಡೋಕಲ್ಲ. ಎಸ್ಸೆಸ್ಸೆಲ್ಸಿ ಓದಿರೋ ನಾನು ಥೆರಪಿ ಮಾಡೋದುಂಟಾ?

— ಯಾವ ಬೇರು ಕೆಲಸ ಮಾಡುತ್ತೆ ಅಂತ ತಿಳಿದ್ರೆ ಆ ಬೇರನ್ನ ನಿಮ್ಮ ಕೈಗೆ ಕೊಡಬಹುದು ಅಕ್ಕ, ನಾನು ಇಷ್ಟು ದಿನ ಇದರ ಹಿಂದೆ ಬಿದ್ದಿರೋದೇ ಅದಕ್ಕೆ. ಕಾಂಗೋ ದೇಶದ ಪೂರ್ವ ಭಾಗದಲ್ಲಿ ಯುದ್ಧದಲ್ಲಿ ಅತ್ಯಾಚಾರಕ್ಕೆ ಒಳಗಾದ 405 ಹೆಂಗಸರು. ಹದಿನೈದು ಹಳ್ಳಿ. ಏಳು ಹಳ್ಳಿಯಲ್ಲಿ ರೆಸಿಕ್ ಅವರ ಚಿಕಿತ್ಸೆಯನ್ನ ಗುಂಪಿನಲ್ಲಿ ಕೊಟ್ರು, ಎಂಟು ಹಳ್ಳಿಯಲ್ಲಿ ಒಬ್ಬೊಬ್ಬರನ್ನೇ ಕಂಡು ಆಸರೆ ಕೊಟ್ರು. ಕೊಟ್ಟವರು ಡಾಕ್ಟರಲ್ಲ, ಆ ಸೀಮೆಯ ಹೆಂಗಸರೇ, ತರಬೇತಿ ಪಡೆದವರು. ಬಂದವರಲ್ಲಿ ಬಹಳಷ್ಟು ಜನಕ್ಕೆ ಓದು ಬರಹ ಇಲ್ಲ. ಹಾಗಾಗಿ ಬರೆಯೋ ಅಭ್ಯಾಸಗಳನ್ನೆಲ್ಲ ಸರಳ ಮಾಡಿ ಬಾಯಿಪಾಠ ಮಾಡಿಸಿದ್ರು. ಆರು ತಿಂಗಳಾದಮೇಲೆ, ಖಿನ್ನತೆ ಇಲ್ಲವೇ ಆತಂಕ ಇದ್ದವರು ಆಸರೆಯ ಹಳ್ಳಿಗಳಲ್ಲಿ ನೂರಕ್ಕೆ 42, ಚಿಕಿತ್ಸೆಯ ಹಳ್ಳಿಗಳಲ್ಲಿ ನೂರಕ್ಕೆ 9. 2013ರಲ್ಲಿ ಬಂದ ವರದಿ. ಬರವಣಿಗೆ ತೆಗೆದುಹಾಕಿದ್ರೂ ಚಿಕಿತ್ಸೆ ಸಾಯಲಿಲ್ಲ, ಯಾಕಂದ್ರೆ ಅದರ ಜೀವ ಕಾಗದದಲ್ಲಿರಲಿಲ್ಲ. ಗೋವಾದಲ್ಲೂ ವಿಕ್ರಮ್ ಪಟೇಲ್ ಅವರ ತಂಡ ಸಾಮಾನ್ಯ ಜನರಿಗೇ ತರಬೇತಿ ಕೊಟ್ಟು ಖಿನ್ನತೆಗೆ ಚಿಕಿತ್ಸೆ ಮಾಡಿಸ್ತು. 2017ರಲ್ಲಿ ಬಂದ ಅದರ ಫಲಿತಾಂಶದಲ್ಲಿ 'ಯಾಕೆ' ಅನ್ನೋದನ್ನೂ ನೋಡಿದ್ರು. ಬಿಟ್ಟಿದ್ದ ಕೆಲಸಗಳಿಗೆ ಜನ ಮತ್ತೆ ಕೈ ಹಚ್ಚಿದ್ದೇ ಗುಣವಾಗೋಕೆ ದೊಡ್ಡ ಕಾರಣ ಅಂತ ಕಂಡಿತು.

— ಅದು ನನಗೂ ಗೊತ್ತಾಗ್ತದೆ ಮೇಡಂ. ನಿಮ್ಮ ಫಾರಂನಲ್ಲಿ 'ಕಳೆದ ವಾರ ಎಷ್ಟು ಸಲ ಭಯವಾಯಿತು, ಸೊನ್ನೆಯಿಂದ ನಾಲ್ಕರವರೆಗೆ' ಅಂತ ಅದೆಯಲ್ಲ, ಅದನ್ನ ಕೇಳಿದ್ರೆ ಜನ ನನ್ನ ಮುಖ ನೋಡಿ ಏನೋ ಒಂದು ನಂಬರ್ ಹೇಳಿಬಿಡ್ತಾರೆ. ನಾನಾಗಿದ್ರೆ ಬೇರೆ ಕೇಳ್ತಿದ್ದೆ. 'ಮೊದಲು ನೀವೇ ಮಾಡ್ತಿದ್ದ ಯಾವ ಕೆಲಸಕ್ಕೆ ಈಗ ಬೇರೆಯೋರನ್ನ ಕಳಿಸ್ತೀರಿ?' ಅಂತ. ಅದಕ್ಕೆ ಸುಳ್ಳು ಹೇಳೋಕಾಗಲ್ಲ. ಹೇಳಿದ್ರೂ ಪಕ್ಕದ ಮನೆಯೋಳು ನಿಜ ಹೇಳ್ತಾಳೆ.

— ಅಕ್ಕ, ಇದನ್ನ ಬರ್ಕೊಳ್ತೀನಿ. ಭಯವನ್ನ ತಪ್ಪಿಸಿಕೊಂಡು ಓಡಾಡೋದನ್ನ ಅಳೆಯೋಕೆ ಎಂಥೆಂಥ ಪ್ರಶ್ನಾವಳಿ ಇದಾವೆ, ಇಷ್ಟು ನೇರವಾಗಿ ಕೇಳಿದ್ದು ನಾನು ನೋಡಿಲ್ಲ.

— ಬರ್ಕೊಳಿ. ಆದ್ರೆ ನನ್ನ ದೊಡ್ಡ ಪ್ರಶ್ನೆ ಇನ್ನೂ ಅದೆ. ನೀವು ಪದೇಪದೇ 'ಅಪಾಯ ಮುಗಿದುಹೋಗಿದೆ' ಅಂತೀರಿ. ಕೋಡಿಹಳ್ಳಿ, ಸಾತನೂರು, ಕಬ್ಬಾಳು ಕಡೆ ಬನ್ನಿ. ಆನೆ ತುಳಿದು ಗಂಡ ಸತ್ತ ಹೆಂಗಸು ಅವಳೆ. ಆನೆ ಮುಗೀತಾ? ಬನ್ನೇರುಘಟ್ಟದಿಂದ, ಕಾವೇರಿ ಕಾಡಿಂದ ಬತ್ತಾನೇ ಇರ್ತವೆ, ತೆಂಗಿನಕಲ್ಲು ಕಾಡು ಹಿಡಿದು ಚನ್ನಪಟ್ಟಣದ ತನಕ ಹೋಯ್ತವೆ. ರಾಗಿ ತೆನೆ ಬಿಟ್ಟಾಗ ಅವಳು ರಾತ್ರಿ ಬೆಚ್ಚಿ ಏಳ್ತಾಳೆ ಅಂದ್ರೆ ಅದು ಕಾಯಿಲೆಯಾ, ಬುದ್ಧಿಯಾ? ಮಾಗಡಿ ಕಡೆ 2020ರ ಮೇನಲ್ಲಿ ಚಿರತೆ ಒಂದು ಮಗೂನ, ಒಬ್ಬ ಅಜ್ಜೀನ ತಗೊಂಡೋಯ್ತು. ಆಮೇಲೆ ಆ ತಾಯಂದಿರು ಮಕ್ಕಳನ್ನ ಒಳಗೇ ಕೂಡಿಹಾಕಿದ್ರೆ ಭಯ ಬಿಡು ಅಂತ ನೀವು ಹೇಳ್ತೀರಾ?

— ಹೇಳಲ್ಲ. ಹೇಳಿದ್ರೆ ನಾನು ಸುಳ್ಳು ಹೇಳಿದ ಹಾಗೆ. ನಿಜವಾದ ಭಯವನ್ನ ತೆಗೆಯೋದು ಚಿಕಿತ್ಸೆಯ ಕೆಲಸವೇ ಅಲ್ಲ. ಕಾಂಗೋದಲ್ಲಿ ಚಿಕಿತ್ಸೆ ನಡೀತಿರೋವಾಗಲೂ ಕೆಲವು ಹಳ್ಳಿಗಳ ಮೇಲೆ ದಾಳಿ ನಿಂತಿರಲಿಲ್ಲ, ಆದ್ರೂ ಹೆಂಗಸರು ಚೇತರಿಸಿಕೊಂಡ್ರು. ಅಂದ್ರೆ ಅಪಾಯ ಪೂರ್ತಿ ಹೋಗೋ ತನಕ ಕಾಯಬೇಕಾಗಿಲ್ಲ. ಆದ್ರೆ ಬೇರ್ಪಡಿಸೋದು ಕಲಿಸಬೇಕು. ರಾಗಿ ಹೊಲಕ್ಕೆ ರಾತ್ರಿ ಹೋಗೋಕೆ ಹೆದರೋದು ಬುದ್ಧಿ. ಹಗಲಲ್ಲಿ ಹಂಚಿನ ಮೇಲೆ ತೆಂಗಿನ ಗರಿ ಬಿದ್ದ ಸದ್ದಿಗೆ ಮೈಯೆಲ್ಲ ನಡುಗಿ ಬೆವರೋದು ಕಾಯಿಲೆ. 'ಆನೆ ಬರುತ್ತೆ' ಅನ್ನೋದು ನಿಜ. 'ನಾನು ಅವತ್ತು ಬೇಗ ಬಾ ಅಂತ ಕೂಗಿದ್ರೆ ಅವರು ಬದುಕ್ತಿದ್ರು' ಅನ್ನೋದು ವಿಚಾರ ಮಾಡಬೇಕಾದ ತೀರ್ಮಾನ. ಇನ್ನು ಆನೆಯ ವಿಷಯಕ್ಕೆ ಬೇಲಿ ಬೇಕು, ರೈಲು ಕಂಬಿಯ ತಡೆ ಬೇಕು, ಆನೆ ಬಂದಿದೆ ಅಂತ ಸಮಯಕ್ಕೆ ಸುದ್ದಿ ಬೇಕು. ಬೇಲಿ ಹಾಕಬೇಕಾದ ಕಡೆ ಕೌನ್ಸೆಲಿಂಗ್ ಮಾಡೋದು ಅನ್ಯಾಯ ಅಂತ ನಾನು ಎಲ್ಲಿ ಬೇಕಾದ್ರೂ ಹೇಳ್ತೀನಿ.

— ಇದು ಸರಿಯಾದ ಮಾತು. ಅವಳಿಗೆ ಒಂದು ಸಲ ಆಗಿಲ್ಲ ಮೇಡಂ. ಚಿಕ್ಕೋಳಿದ್ದಾಗ ಅಪ್ಪನ ಏಟು, ಆಮೇಲೆ ಗಂಡನ ಕುಡಿತ, ಆಮೇಲೆ ಆನೆ. ಯಾವುದನ್ನ ಹಿಡೀತೀರಿ?

— ಹೀಗೆ ಒಂದರ ಮೇಲೊಂದು ಬಿದ್ದವರಿಗೆ ಅಂತಲೇ ಜರ್ಮನಿಯ ಮೂವರು, ಶೌವರ್, ನಾಯ್ನರ್, ಎಲ್ಬರ್ಟ್, ಒಂದು ಕ್ರಮ ಮಾಡಿದ್ದಾರೆ. ಮೊದಲ ಬೈಠಕ್ಕಿನಲ್ಲಿ ನೆಲದ ಮೇಲೆ ಒಂದು ಹಗ್ಗ ಹಾಸ್ತಾರೆ. ಒಂದು ತುದಿ ಹುಟ್ಟಿದ ದಿನ. ಪಕ್ಕದಲ್ಲಿ ಒಂದಷ್ಟು ಕಲ್ಲು, ಒಂದಷ್ಟು ಹೂವು. ಕೆಟ್ಟದ್ದಾದ ಕಡೆ ಕಲ್ಲು, ಒಳ್ಳೇದಾದ ಕಡೆ ಹೂವು ಅವರೇ ಇಡಬೇಕು. ದೊಡ್ಡ ಕಲ್ಲು, ಚಿಕ್ಕ ಕಲ್ಲು ಅವರೇ ಆರಿಸಬೇಕು. ಅವತ್ತು ವಿವರ ಕೇಳಲ್ಲ. 'ಇದಕ್ಕೆ ಏನು ಹೆಸರು?' ಅಂತ ಮಾತ್ರ ಕೇಳೋದು. 'ಅಪ್ಪನ ಬಾರುಕೋಲು', 'ಮಗಳು ಹುಟ್ಟಿದ್ದು', ಹೀಗೆ. ಮುಂದಿನ ದಿನಗಳಲ್ಲಿ ಹಗ್ಗದ ಉದ್ದಕ್ಕೂ ನಡೀತಾ, ಒಂದೊಂದು ಕಲ್ಲಿನ ಹತ್ರ ನಿಲ್ತಾ ಹೇಳ್ತಾರೆ: ಆಗ ನಿನಗೆ ಎಷ್ಟು ವಯಸ್ಸು, ಯಾವ ಮನೇಲಿದ್ದೆ, ಏನು ಕಂಡೆ, ಏನು ವಾಸನೆ, ಮೈಯಲ್ಲಿ ಏನಾಯ್ತು, ಈಗ ಹೇಳೋವಾಗ ಮೈಯಲ್ಲಿ ಏನಾಗ್ತಿದೆ. ಆಗ ಮತ್ತು ಈಗ ಅಂತ ಹಿಂದೆ ಮುಂದೆ ಓಡಾಡೋದೇ ಇದರ ಗುಟ್ಟು ಅಂತ ಅವರ ವಾದ. ಹೇಳಿದ್ದನ್ನೆಲ್ಲ ಕೇಳಿದವರು ಬರೆದು, ಮುಂದಿನ ಸಲ ಓದಿ ಹೇಳ್ತಾರೆ, ತಪ್ಪಿದ್ರೆ ಅವರು ತಿದ್ತಾರೆ. ಕೊನೇಲಿ ಅವರ ಜೀವನದ ಕಥೆ ಅವರ ಕೈಗೆ ಸಿಗುತ್ತೆ. ಹಗ್ಗದ ಇನ್ನೊಂದು ತುದಿಯನ್ನ ಸುರುಳಿ ಸುತ್ತಿ ಹಾಗೇ ಬಿಟ್ಟಿರ್ತಾರೆ, ಅದು ಮುಂದೆ ಬರೋ ದಿನಗಳು.

— ಹೂವು ಇಡೋಕೆ ಹೇಳೋದು ನನಗೆ ಹಿಡಿಸ್ತು. ನಾವು ಕಷ್ಟ ಕೇಳೋಕೆ ಹೋದ್ರೆ ಬರೀ ಕಷ್ಟಾನೇ ಕೇಳ್ಕೊಂಡು ಬತ್ತೀವಿ. ಇದನ್ನ ಯಾರ ಮೇಲೆ ಮಾಡಿ ನೋಡವ್ರೆ?

— ಉಗಾಂಡಾದ ನಿರಾಶ್ರಿತರ ಶಿಬಿರದಲ್ಲಿ. 2004ರಲ್ಲಿ ಸೂಡಾನಿನಿಂದ ಓಡಿಬಂದವರ ಮೇಲಿನ ಮೊದಲ ಪರೀಕ್ಷೆ ಬಂತು. 2008ರದ್ದರಲ್ಲಿ ಶಿಬಿರದ ನಿರಾಶ್ರಿತರೇ ತರಬೇತಿ ಪಡೆದು ಚಿಕಿತ್ಸೆ ಕೊಟ್ರು, ರುವಾಂಡಾ, ಸೊಮಾಲಿಯಾದಿಂದ ಬಂದವರಿಗೆ. ಅಲ್ಲೂ ಒಂದು ಪಾಠ ಇದೆ. ಹಗ್ಗದ ಕ್ರಮದವರೂ ಚೇತರಿಸಿಕೊಂಡ್ರು, ಇಷ್ಟು ಕಟ್ಟುನಿಟ್ಟಿಲ್ಲದೆ ಆಘಾತದ ಬಗ್ಗೆ ಮಾತಾಡಿದವರೂ ಹೆಚ್ಚುಕಡಿಮೆ ಅಷ್ಟೇ ಚೇತರಿಸಿಕೊಂಡ್ರು. ಹಗ್ಗದ ಗುಂಪಿನಲ್ಲಿ ಅರ್ಧಕ್ಕೆ ಬಿಟ್ಟು ಹೋದವರು ಕಡಿಮೆ.

— ಮೇಡಂ, ಮನಸ್ಸಿಗೆ ಬಂದದ್ದು ಹೇಳಿಬಿಡ್ತೀನಿ. ಲಸಿಕೆ, ಬಾಣಂತಿ, ಟಿಬಿ, ಡೆಂಗಿ ಸರ್ವೆ, ಎಲ್ಲ ನಮ್ಮ ತಲೆ ಮೇಲೆ. 2025ರ ಜನವರಿಯಲ್ಲಿ ಗೌರವಧನಕ್ಕೆ ಫ್ರೀಡಂ ಪಾರ್ಕ್‌ನಲ್ಲಿ ಚಳೀಲಿ ಮಲಗಿದ್ವಿ. ಈಗ ಇದೂ ಬಂದ್ರೆ? ಇನ್ನೊಂದು. ಅವರ ಕಥೆ ಕೇಳಿ ನಾನು ಮನೆಗೆ ಹೋದಮೇಲೆ ನನ್ನ ನಿದ್ದೆ ಯಾರು ಕೊಡ್ತಾರೆ? ಆ ಹುಡುಗ ಇಡ್ಲಿ ವಿಷಯ ಹೇಳಿದ ರಾತ್ರಿ ನಾನೂ ಮಲಗಿಲ್ಲ.

— ಈ ಕೆಲಸಕ್ಕೆ ಬೇರೆ ಕೂಲಿ ಇಲ್ಲದೆ ಇದನ್ನ ನಿಮ್ಮ ಪಟ್ಟಿಗೆ ಸೇರಿಸೋಕೆ ನಾನು ಒಪ್ಪಲ್ಲ ಅಕ್ಕ. ನಿದ್ದೆಯ ಮಾತು ಇನ್ನೂ ದೊಡ್ಡದು. ಕಾಂಗೋದಲ್ಲಾಗಲಿ ಗೋವಾದಲ್ಲಾಗಲಿ ತರಬೇತಿ ಕೊಟ್ಟು ಕೈಬಿಡಲಿಲ್ಲ. ಕೆಲಸ ಮಾಡೋರು ಏನು ಕೇಳಿದ್ರು, ಎಲ್ಲಿ ಸಿಕ್ಕಿಹಾಕಿಕೊಂಡ್ರು, ಅವರಿಗೇ ಏನಾಯ್ತು ಅಂತ ಮೇಲ್ವಿಚಾರಣೆ ಮಾಡೋ ಏರ್ಪಾಡು ಇತ್ತು. ಅದನ್ನ ಬಿಟ್ಟು ಬರೀ ಕೈಪಿಡಿ ಹಂಚಿದ್ರೆ ಡಿಬ್ರೀಫಿಂಗಿನ ಕಥೆಯೇ ಮತ್ತೆ. ಕೇಳುವವರ ಮನಸ್ಸನ್ನ ನೋಡಿಕೊಳ್ಳೋದೂ ಗುಣ ಮಾಡೋ ಬೇರುಗಳಲ್ಲಿ ಒಂದಾ ಅಂತ ಅಳೆದವರು ತೀರಾ ಕಡಿಮೆ. ನನಗೆ ಇಲ್ಲಿ ಅದನ್ನ ಅಳೆಯೋ ಆಸೆ ಇದೆ. ಕನಕಪುರದಲ್ಲಿ, ಮಾಗಡಿಯಲ್ಲಿ, ನಿಮ್ಮಂಥವರ ಜೊತೆ.

— ಅಳೀರಿ. ನಾನು ಬತ್ತೀನಿ. ಈಗ ಇನ್ನೊಂದು ಕೇಸು ಹೇಳ್ತೀನಿ, ಹೆಸರು ಹೇಳಲ್ಲ. ಚಿಕ್ಕ ವಯಸ್ಸು, ಮೂರು ತಿಂಗಳ ಕೂಸು. ಗಂಡ ಹೊಡೀತಾನೆ. ಅವಳೂ ಆ ಹುಡುಗನ ಥರಾನೇ ಬೆಚ್ಚುತಾಳೆ, ಬಾಗಿಲು ಬಡಿದ್ರೆ ಸಾಕು. ಅವಳಿಗೂ ಹಗ್ಗ, ಹೂವು, ಕಲ್ಲು ಅನ್ಬೇಕಾ?

— ಅನ್ನಬೇಡಿ, ಈಗಲ್ಲ. ಅವಳ ಬೆಚ್ಚುವಿಕೆ ಹಳೇದರ ನೆನಪಲ್ಲ, ನಾಳೆ ಬರೋ ಏಟಿನ ಎಚ್ಚರಿಕೆ. ಮೊದಲು ಅವಳು, ಕೂಸು ಕ್ಷೇಮವಾಗಿರಬೇಕು. ಹೋಗೋಕೆ ತವರು ಇದೆಯಾ, ಯಾರು ಜೊತೆಗೆ ನಿಲ್ತಾರೆ ಅಂತ ತಿಳ್ಕೊಳಿ. ಸಖಿ ಕೇಂದ್ರ ಇದೆ, 181 ಇದೆ, ಅದನ್ನ ಅವಳಿಗೆ ತಿಳಿಸಿ. ನಂಬರನ್ನ ಚೀಟಿಯಲ್ಲಿ ಬರೆದು ಕೊಡಬೇಡಿ, ಗಂಡನ ಕೈಗೆ ಸಿಕ್ಕೀತು. ಬಾಯಿಪಾಠ ಮಾಡಿಸಿ. ದೂರು ಕೊಡಬೇಕಾ, ಮನೆ ಬಿಡಬೇಕಾ, ಸದ್ಯಕ್ಕೆ ಸುಮ್ಮನಿರಬೇಕಾ ಅನ್ನೋದು ಅವಳ ತೀರ್ಮಾನ. ಅವಳು ಒಪ್ಪದೆ ನಾವು ಒಂದು ಹೆಜ್ಜೆಯೂ ಇಡೋ ಹಾಗಿಲ್ಲ. ಮನೇಲಿ ಅವನಿರೋವಾಗ ಮಾತ್ರ ಕೇಳೋಕೆ ಹೋಗಬೇಡಿ.

— ಮನೆಗೆ ಹೋಗಲ್ಲ. ಗುರುವಾರ ಲಸಿಕೆಗೆ ಕೂಸನ್ನ ಎತ್ಕೊಂಡು ಅಂಗನವಾಡಿಗೆ ಬತ್ತಾಳೆ, ಅವನು ಜೊತೇಲಿ ಬರಲ್ಲ. ಚುಚ್ಚಿದಮೇಲೆ ಅರ್ಧ ಗಂಟೆ ಕೂತು ಹೋಗಿ ಅಂತ ಹೆಂಗೂ ಎಲ್ಲರಿಗೂ ಹೇಳ್ತೀನಲ್ಲ, ಆಗ ಕೇಳ್ತೀನಿ.